ಅತ್ತೆ, ಬಕೆಟ್ಟು ಮತ್ತು ಮೂರಡಿ ಟ್ರೇ

ಸದ್ಯ ನಮ್ಮನೆ ಸೋಫಾ ಮೇಲೆ ಸ್ಯಾಂಪಲ್ ಟೈಲ್ಸು, ಡೈನಿಂಗ್ ಟೇಬಲ್ ಕೆಳಗೆ ಸಿಮೆಂಟ್ ಮೂಟೆ, ಅನ್ನದಲ್ಲೂ ಧೂಳು. ಮೇಸ್ತ್ರಿ ಮಾತ್ರ ನಾಪತ್ತೆ, ಫೋನ್ ಮಾಡಿದ್ರೆ "ಟ್ರೇನಾ ಟೈಲ್ಸಾ ಫೈನಲ್ ಮಾಡಿ ಮೇಡಂ, ಬರ್ತೀನಿ" ಅಂತಾನೆ.

ಅತ್ತೆಗೆ ಮಂಡಿ ಆಪರೇಷನ್ ಆದ್ಮೇಲೆ ಮೆಟ್ಟಿಲು ಹತ್ತೋದು ಕಷ್ಟ ಅಂತ, ಗ್ರೌಂಡ್ ಫ್ಲೋರಲ್ಲಿ ಮೆಟ್ಟಿಲ ಕೆಳಗಿನ ಸ್ಟೋರ್ ರೂಮನ್ನೇ (ಹಿಡಿ ಮುರಿದ ಕುಕ್ಕರ್, ಗೃಹಪ್ರವೇಶಕ್ಕೆ ಬಂದ ಗೋಡೆ ಗಡಿಯಾರಗಳು, ನಿಮ್ಮನೇಲೂ ಇರತ್ತೆ ಬಿಡಿ) ಸ್ನಾನದ ಮನೆ ಮಾಡೋಣ ಅಂತಾಯ್ತು. ನಮ್ಮನೆಯವ್ರು ರಾತ್ರಿಯೆಲ್ಲಾ ಯೂಟ್ಯೂಬ್ ನೋಡಿ "ಶವರ್ ಟ್ರೇ ಹಾಕ್ಸೋಣ" ಅಂದ್ರು. ಅಂದ್ರೆ ಸ್ನಾನದ ಜಾಗದಲ್ಲಿ ಟೈಲ್ಸ್ ಬದಲು ನೆಲಕ್ಕೆ ಕೂರಿಸೋ ಅಗಲದ ತಟ್ಟೆ. ಒಂದೇ ಪೀಸು, ಸಂದಿ ಇಲ್ಲ, ಸಂದಿಗೆ ತುಂಬೋ ಗ್ರೌಟ್ ಕಪ್ಪಾಗೋ ಗೋಳಿಲ್ಲ, ನೀರು ಹರಿಯೋ ವಾಟ ಅದರಲ್ಲೇ ಇರತ್ತೆ. ವಾಟ ಅಂದ ತಕ್ಷಣ ನಾನೂ ಕಿವಿ ನಿಮಿರಿಸಿದೆ. ಮಹಡಿ ಬಾತ್‌ರೂಮಲ್ಲಿ ಜಾಲಿ ಒಂದು ಮೂಲೇಲಿ, ನೀರು ನಿಲ್ಲೋದು ಇನ್ನೊಂದು ಮೂಲೇಲಿ, ದಿನಾ ಬೆಳಿಗ್ಗೆ ವೈಪರ್ ಹಿಡ್ಕೊಂಡು ಆ ನೀರಿಗೆ ದಾರಿ ತೋರ್ಸೋ ಕೆಲಸ ನಂದು. ಒಂದಡಿಗೆ ಕಾಲಿಂಚು ಇಳಿಜಾರು ಕೊಡಪ್ಪಾ ಅಂದ್ರೆ ಯಾವ ಮೇಸ್ತ್ರಿಯೂ "ಕೊಟ್ಟಿದೀನಿ, ಕಣ್ಣಿಗೆ ಕಾಣಲ್ಲ" ಅಂತಾನೆ. ಕಣ್ಣಿಗೇನು, ನೀರಿಗೂ ಕಾಣಲ್ಲ.

ಸರಿ, ಬಳಸೋರು ಅತ್ತೆ ತಾನೆ ಅಂತ ಅವ್ರನ್ನೂ ಶೋರೂಮಿಗೆ ಕರ್ಕೊಂಡು ಹೋದ್ವಿ.

ಅಲ್ಲಿ ಹುಡುಗ ಒಂದು ಟ್ರೇ ತೋರ್ಸಿ "ನೈನ್ ಹಂಡ್ರೆಡ್ ಬೈ ನೈನ್ ಹಂಡ್ರೆಡ್ ಆಂಟಿ" ಅಂದ. ಅತ್ತೆ "ಒಂಬೈನೂರಾ? ಪರ್ವಾಗಿಲ್ವೇ" ಅಂತ ನನ್ನ ಕಡೆ ನೋಡಿದ್ರು. ಅದು ರೇಟಲ್ಲ, ಮಿಲಿಮೀಟರು, ಅಂದ್ರೆ ಮೂರಡಿ ಅಂತ ಗೊತ್ತಾದ್ಮೇಲೆ ಮುಖ ಸಪ್ಪಗಾಯ್ತು. ಆಮೇಲೆ ಸಂತೇಲಿ ತೆಂಗಿನಕಾಯಿ ನೋಡೋ ಹಾಗೆ ಬೆರಳಲ್ಲಿ ಟಕಟಕ ಬಡಿದು "ಟೊಳ್ಳು" ಅಂತ ತೀರ್ಪು ಕೊಟ್ರು. ಸುಳ್ಳೇನಲ್ಲ, ಅಕ್ರಿಲಿಕ್ ಟ್ರೇ ಅಡಿಗೆ ಸಿಮೆಂಟ್ ಹಾಸಿ ಭದ್ರವಾಗಿ ಕೂರಿಸ್ದೆ ಇದ್ರೆ ಕಾಲಿಟ್ಟಾಗೆಲ್ಲಾ ಬಳುಕತ್ತೆ, ಕೊನೆಗೆ ಬಿರುಕು ಬಿಡತ್ತೆ.

"ಇದರಲ್ಲಿ ಕೂತ್ಕೊಳ್ಳೋದೆಲ್ಲಪ್ಪಾ?"

"ಶವರ್ ಅಲ್ವಾ ಆಂಟಿ, ನಿಂತ್ಕೊಂಡೇ."

ಎಪ್ಪತ್ತು ವರ್ಷ ಮಣೆ ಮೇಲೆ, ಈಗ ಸ್ಟೂಲ್ ಮೇಲೆ ಕೂತು ಬಕೆಟ್ಟಿಂದ ಚೊಂಬಲ್ಲಿ ಹುಯ್ಕೊಂಡು ಸ್ನಾನ ಮಾಡಿದೋರಿಗೆ ಹೇಳೋ ಮಾತಾ ಇದು! "ಒಂದು ಸ್ಟೂಲ್ ತಾ" ಅಂದ್ರು. ಸೆಕ್ಯುರಿಟಿಯವನ್ನ ಎಬ್ಬಿಸಿ ಅವನ ಪ್ಲಾಸ್ಟಿಕ್ ಸ್ಟೂಲ್ ತಂದ. "ಬಕೆಟ್?" ಲಕ್ಷಾಂತರ ರೂಪಾಯಿ ಬಾತ್‌ರೂಮ್ ಸಾಮಾನು ತುಂಬಿರೋ ಆ ಅಂಗಡೀಲಿ ಒಂದೇ ಒಂದು ಬಕೆಟ್ ಇರ್ಲಿಲ್ಲ, ಕಸದ ಬುಟ್ಟಿ ತಂದಿಟ್ಟ. ಅತ್ತೆ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸ್ಕೊಂಡು, ನನ್ನ ಕೈ ಹಿಡ್ಕೊಂಡು ಟ್ರೇ ಒಳಗೆ ಹೋಗಿ ಕೂತ್ರು. ಇಲ್ಲದ ಚೊಂಬನ್ನ ಇಲ್ಲದ ನೀರಲ್ಲಿ ಅದ್ದಿ, "ಗಂಗೇಚ ಯಮುನೇಚೈವ" ಅಂತ ಗುನುಗ್ತಾ ತಲೆ ಮೇಲೆ ಹುಯ್ಕೊಂಡ್ರು. ನಾನೂ ಒಂದು ಕ್ಷಣ ಪಕ್ಕಕ್ಕೆ ಸರಿದೆ. ಬೆನ್ನು ಉಜ್ಜಕ್ಕೆ ಕೈ ಹಿಂದೆ ಹಾಕಿದ್ರು, ಮೊಣಕೈ ಗಾಜಿಗೆ ಠಣ್ ಅಂತು. ಟ್ರೇ ವಾಟ ಮಧ್ಯದ ತೂತಿನ ಕಡೆಗಲ್ವಾ, ಸ್ಟೂಲಿನ ನಾಲ್ಕು ಕಾಲು ನಾಲ್ಕು ಮಟ್ಟದಲ್ಲಿ ನಿಂತು ಅತ್ತೆ ಆ ಕಡೆ ಈ ಕಡೆ ತೂಗಾಡ್ತಿದ್ರು. ಪಕ್ಕದಲ್ಲಿ ಬಾತ್‌ಟಬ್ ನೋಡ್ತಿದ್ದ ಹೊಸ ಜೋಡಿ ಟಬ್ ಬಿಟ್ಟು ಇದನ್ನೇ ನೋಡ್ತಾ ನಿಂತ್ರು. ಅತ್ತೆ ಅವಸರ ಮಾಡ್ಲಿಲ್ಲ, ಕಣ್ಣು ಮುಚ್ಕೊಂಡು ಸೀಗೆಪುಡಿ ತೊಳ್ಕೊಂಡಿದ್ದೂ ಆಯ್ತು. "ಟವೆಲ್ ಎಲ್ಲಿ ಹಾಕೋದು?" ಅಂತ ಕೇಳೋ ಹೊತ್ತಿಗೆ ನಮ್ಮನೆಯವ್ರು ಕಾರ್ ತೆಗೀತೀನಿ ಅಂತ ಹೊರಗೆ ಹೋಗಿದ್ರು.

ಟ್ರೇಗೆ ಮೇಸ್ತ್ರಿಯದ್ದೂ ತಕರಾರು. ಅದರ ಅಡಿ ಟ್ರ್ಯಾಪ್‌ಗೆ (ಮೋರಿ ವಾಸನೆ ತಡೆಯೋ ಬಾಗಿದ ಪೈಪು) ಜಾಗ ಬೇಕು, ಇಲ್ಲಾ ನೆಲ ಅಗೀಬೇಕು, ಇಲ್ಲಾ ಟ್ರೇನೇ ಎತ್ತರಿಸ್ಬೇಕು. ಎತ್ತರಿಸಿದ್ರೆ ಮತ್ತೆ ಮೆಟ್ಟಿಲು! ಅಗೆಯೋಣ ಅಂದ್ರೆ ಕೊಳೆ ನೀರು ಹೋಗಿ ಸೇರೋ ಹೊರಗಿನ ಚೇಂಬರ್ ಆಳ ಇಲ್ಲ, ಪೈಪಿಗೆ ವಾಟ ಸಿಗಲ್ಲ. ಸಾಲದ್ದಕ್ಕೆ ಡಾಂಬರ್ ಮೇಲೆ ಡಾಂಬರ್ ಹಾಕಿ ರಸ್ತೆ ನಮ್ಮ ಬಾಗಿಲ ಮಟ್ಟಕ್ಕೆ ಬಂದಿದೆ, ಮ್ಯಾನ್‌ಹೋಲೂ ಅದರ ಜೊತೆ ಮೇಲೇರಿದೆ, ಜೋರು ಮಳೇಲಿ ಅದು ಕಟ್ಕೊಂಡ್ರೆ ಊರ ನೀರೆಲ್ಲಾ ಅತ್ತೆ ಸ್ನಾನಕ್ಕೆ.

ತೀರ್ಥಹಳ್ಳಿ ಹತ್ರ ಅತ್ತೆ ತವರಲ್ಲಿ ಬಚ್ಚಲಿಗೆ ಒಂದು ದೊಡ್ಡ ಕಲ್ಲು ಚಪ್ಪಡಿ, ಮೂಲೇಲಿ ಹಂಡೆ, ಒಲೇಲಿ ಅಡಿಕೆ ಹಾಳೆ ಉರಿ. ನೀರು ಗೋಡೆ ತೂತಿಂದ ಸೀದಾ ಬಾಳೆ ಬುಡಕ್ಕೆ. ಮದುವೆಯಾದ ಹೊಸದ್ರಲ್ಲಿ ಅಲ್ಲಿ ಹೋದಾಗ ಹೊಗೆಗೆ ಕಣ್ಣುರಿ ಅಂತ ಮುಖ ಸಿಂಡರಿಸ್ತಿದ್ದೆ. ಈಗ ಆ ಮನೇನೂ ಮಾರಿ ಆಯ್ತು. ಅಷ್ಟು ಸಲ ಹೋಗಿದ್ರೂ ಅಲ್ಲಿ ಒಂದು ವೈಪರ್ ನೋಡಿದ ನೆನಪಿಲ್ಲ.

ಕೊನೆಗೆ ಅತ್ತೆ ಒರಟು ಟೈಲ್ಸ್ ಒಪ್ಪಿದಾರೆ, ಜಾರದಿರೋದಕ್ಕೆ ಕೊಡೋ ಗ್ರೇಡಲ್ಲಿ ಆರ್ 11 ಅಂತೆ, ಜಾರಲ್ವಂತೆ. ಜಾರಲ್ಲ ಸರಿ, ಸೋಪಿನ ಕೊಳೆಯೂ ಅಲ್ಲಿಂದ ಜಾರಲ್ಲ, ಬ್ರಷ್ ಹಿಡಿದು ತಿಕ್ಕೋರು ಯಾರು ಅಂದೆ, ಯಾರೂ ಮಾತಾಡ್ಲಿಲ್ಲ. ನಮ್ಮನೆಯವ್ರಿಗಂತೂ ಟ್ರೇ ಆಸೆ ಇನ್ನೂ ಹೋಗಿಲ್ಲ. ನಿನ್ನೆ ಊಟದ ಹೊತ್ತಲ್ಲಿ ಮತ್ತೆ ಮಾತು ತೆಗೆದ್ರು. ಅತ್ತೆ ಮೊಸರನ್ನ ಕಲೆಸ್ತಾ "ತಗೊಳ್ಳೋ, ಬೇಡ ಅಂದೋರ್ಯಾರು, ಟೆರೇಸ್ ಮೇಲೆ ಸಂಡಿಗೆ ಒಣಗಿಸಕ್ಕೆ ಆಗತ್ತೆ, ತೂತಿಗೊಂದು ಬಟ್ಟೆ ತುರುಕಿದ್ರಾಯ್ತು" ಅಂದ್ರು.