ಅರುಷಾ ಯಾರ ಮಗಳು?

ಇವತ್ತು ಬೆಳಿಗ್ಗೆ ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಯಲ್ಲಿ ಅಡತಿ (ದಲ್ಲಾಳಿ) ಅಂಗಡಿಯ ಕಟ್ಟೆ ಮೇಲೆ ಕೂತಿದ್ದೆ. ನನ್ನ ತಮ್ಮ ತಂದ ತೊಗರಿಗೆ ಇನ್ನೂ ಟೆಂಡರ್ ಆಗಿ ರೇಟು ಬಂದಿರಲಿಲ್ಲ. ಪಕ್ಕದಲ್ಲೊಬ್ಬ ಹುಡುಗ ಮೊಬೈಲ್‌ನಲ್ಲಿ ಟೀವಿ ಚರ್ಚೆ ನೋಡುತ್ತಿದ್ದ. ಅಮೆರಿಕ ಹಿಂಗೆ, ಚೀನಾ ಹಂಗೆ, ನಾವು ವಿಶ್ವಗುರು. ಅರ್ಧ ಗಂಟೆ ಬರೀ ಕಿರುಚಾಟ. ಆಮೇಲೆ ಫೋನ್ ಜೇಬಿಗೆ ಹಾಕಿ, "ಇವೆಲ್ಲ ನಮಗ್ಯಾಕ್ ಬೇಕ್ರಿ ಸರ್? ವಿದೇಶಾಂಗ ನೀತಿಯಿಂದ ನಮ್ಮ ಹೊಟ್ಟಿ ತುಂಬ್ತದೇನ್ರಿ?" ಅಂದ.

ನನ್ನ ಪಿತ್ತ ನೆತ್ತಿಗೇರಿತು. ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನು ನಾನು. ಅಲ್ಲಪ್ಪಾ, ನೀನು ಕೂತಿರೋದೇ ವಿದೇಶಾಂಗ ನೀತಿಯ ಚೀಲದ ಮೇಲೆ! 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಇತ್ತು. ಗಂಜ್‌ನಲ್ಲಿ ನಡೆಯುತ್ತಿದ್ದ ರೇಟು ಅದಕ್ಕಿಂತ ಕೆಳಗೆ. ಯಾಕೆ? ದೆಹಲಿಯಲ್ಲಿ ಯಾರೋ ಒಂದು ಕಾಗದಕ್ಕೆ ಸಹಿ ಹಾಕಿದ್ದಕ್ಕೆ. 2021ರ ಮೇನಲ್ಲಿ ತೊಗರಿ ಆಮದಿನ ಬಾಗಿಲು ತೆರೆದರು. ಆಮೇಲೆ ಸುಂಕವೂ ಇಲ್ಲ ಅಂದರು. 2025ರಲ್ಲಿ ಅದನ್ನೇ 2026ರ ಮಾರ್ಚ್‌ವರೆಗೆ ಎಳೆದರು. ನಮ್ಮ ರಾಶಿ ಸಮಯಕ್ಕೆ ಸರಿಯಾಗಿ.

ತೊಗರಿ ಕಳಿಸಿ ಆಫ್ರಿಕಾದವರು ನಮ್ಮ ಹೊಟ್ಟೆ ಮೇಲೆ ಹೊಡೆದರು ಅಂತ ಗಂಜ್‌ನಲ್ಲಿ ಎಲ್ಲರೂ ಬಯ್ಯುತ್ತಾರೆ. ನಾನೂ ಬಯ್ದವನೇ. ಇಲ್ಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ.

2015ರಲ್ಲಿ ಬೇಳೆ ಕಿಲೋಗೆ 200 ಆಗಿ ದೇಶವೆಲ್ಲ ಗದ್ದಲ ಎದ್ದಿತ್ತಲ್ವಾ? 2016ರ ಜುಲೈನಲ್ಲಿ ಪ್ರಧಾನಿ ಮೊಜಾಂಬಿಕ್‌ಗೆ ಹೋದರು. ನೀವು ತೊಗರಿ ಬೆಳೆಯಿರಿ, ನಾವು ಕೊಳ್ಳುತ್ತೇವೆ ಅಂತ ಒಪ್ಪಂದ ಆಯಿತು. ಮೊದಲ ವರ್ಷ 1 ಲಕ್ಷ ಟನ್, ಐದನೇ ವರ್ಷಕ್ಕೆ 2 ಲಕ್ಷ ಟನ್. ಅಲ್ಲಿನ ಜನ ತೊಗರಿ ತಿನ್ನೋದು ಕಮ್ಮಿ, ಬೆಳೆಯೋದೇ ಜಾಸ್ತಿ ನಮಗೋಸ್ಕರ. ಎಕರೆ ಎರಡೆಕರೆ ರೈತರು ನಮ್ಮನ್ನು ನಂಬಿ ಬಿತ್ತಿದರು. ಅದೇ ವರ್ಷ ಇಲ್ಲೂ ಭರ್ಜರಿ ಬೆಳೆ ಬಂತು, ರೇಟು ನೆಲಕಚ್ಚಿತು. ನನ್ನ ತಮ್ಮ ಸರ್ಕಾರಿ ಖರೀದಿ ಕೇಂದ್ರದ ಮುಂದೆ ಮೂರು ರಾತ್ರಿ ಟ್ರ್ಯಾಕ್ಟರ್ ಕೆಳಗೆ ಮಲಗಿದ್ದ. 2017ರ ಆಗಸ್ಟ್‌ನಲ್ಲಿ ಇನ್ನೊಂದು ಕಾಗದ ಬಂತು: ಒಪ್ಪಂದದ ಮಾಲು ಬಿಟ್ಟು ಉಳಿದ ಆಮದು ವರ್ಷಕ್ಕೆ 2 ಲಕ್ಷ ಟನ್ ಮಾತ್ರ. ಅವತ್ತು ನಾನು ಓಣಿಗೆಲ್ಲ ಜಿಲೇಬಿ ಹಂಚಿದೆ. ಮೊಜಾಂಬಿಕ್‌ನಲ್ಲಿ ಬೆಲೆ ಕುಸಿದು, ಕೊಳ್ಳುವವರಿಲ್ಲದೆ ರೈತರು ಕಂಗಾಲಾದರು ಅಂತ ಓದಿದ್ದು ಎಷ್ಟೋ ತಿಂಗಳಾದ ಮೇಲೆ. ಆ ಜಿಲೇಬಿ ನೆನಪಾದರೆ ಈಗಲೂ ಒಂಥರಾ ಆಗುತ್ತದೆ.

ದೆಹಲಿಯವರು ಒಂದು ಕಾಗದದಿಂದ ಮೊಜಾಂಬಿಕ್‌ನ ರೈತನನ್ನು ಮುಳುಗಿಸುತ್ತಾರೆ, ಇನ್ನೊಂದು ಕಾಗದದಿಂದ ನನ್ನ ತಮ್ಮನನ್ನು. ನಾವಿಬ್ಬರೂ ಒಬ್ಬರನ್ನೊಬ್ಬರು ಬಯ್ಯುತ್ತಾ ಕೂರಬೇಕು. ಭಾಷಣ ಮಾತ್ರ ಅಣ್ಣತಮ್ಮಂದಿರದು! 1955ರಲ್ಲಿ ಏಷ್ಯಾ-ಆಫ್ರಿಕಾ ದೇಶಗಳು ಇಂಡೋನೇಷ್ಯಾದ ಬಾಂಡುಂಗ್‌ನಲ್ಲಿ ಸಭೆ ಸೇರಿದಾಗಿನಿಂದ ಕೇಳುತ್ತಾ ಬಂದಿದ್ದೇವೆ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲೇ ಆಫ್ರಿಕನ್ ಒಕ್ಕೂಟವನ್ನು ಜಿ-20ಗೆ ಸೇರಿಸಿಕೊಂಡರು, ಅಪ್ಪಿಕೊಂಡ ಫೋಟೋ ಎಲ್ಲ ಪೇಪರ್‌ನಲ್ಲೂ ಬಂತು. ಸಂತೋಷ. ಆ ಅಪ್ಪುಗೆಯಲ್ಲಿ ತೊಗರಿ ಬೆಳೆಯುವವನು ಎಲ್ಲಿದ್ದ?

"ಬೆಂಗಳೂರಿನ ಬಡವರೂ ಬೇಳೆ ತಿನ್ನಬೇಡವೇ ಸಾರ್?" ಅಂತ ಯಾರಾದರೂ ಕೇಳೇ ಕೇಳುತ್ತೀರಿ. ತಿನ್ನಲಿ, ಯಾರು ಬೇಡ ಅಂದರು? ಆದರೆ ರೇಟು ಎರಡು ತಿಂಗಳು ಏರಿದರೆ ಬಾಗಿಲು ವರ್ಷಗಟ್ಟಲೆ ತೆರೆದಿರುತ್ತದೆ. ಇಳಿದಾಗ ಅದನ್ನು ಹೊತ್ತಿಗೆ ಸರಿಯಾಗಿ ಮುಚ್ಚೋಕೆ ಮಾತ್ರ ಯಾರಿಗೂ ಕೈ ಬರಲ್ಲ. ಬಿತ್ತುವ ಮುಂಚೆಯೇ ಇಷ್ಟು ಆಮದು, ಇಷ್ಟು ಸುಂಕ ಅಂತ ಹೇಳಿಬಿಟ್ಟರೆ ಇಲ್ಲಿಯವನಿಗೂ ಗೊತ್ತಾಗುತ್ತದೆ, ಅಲ್ಲಿಯವನಿಗೂ ಗೊತ್ತಾಗುತ್ತದೆ. ಇದಕ್ಕೆ ವಿಶ್ವಗುರು ಆಗಬೇಕಿಲ್ಲ, ಒಂದು ಕ್ಯಾಲೆಂಡರ್ ಇದ್ದರೆ ಸಾಕು.

ನಾನು ಹೀಗೆ ಹುಡುಗನಿಗೆ ಕ್ಲಾಸ್ ತೆಗೆದುಕೊಳ್ಳುತ್ತಿರುವಾಗ ಹಮಾಲಿ ಕಾಕಾ ಬಂದರು. ಕಪನೂರಿನ ದಾಲ್ ಮಿಲ್ಲಿನಲ್ಲಿ ಚೀಲ ಇಳಿಸಿ ಬಂದಿದ್ದರು. ಅಂಗಿ ಜೇಬಿನಿಂದ ಒಂದು ಹಿಡಿ ಆಮದು ತೊಗರಿ ತೆಗೆದು ನಮ್ಮ ತೊಗರಿ ಪಕ್ಕ ಸುರಿದರು. ನಮ್ಮದು ಕೆಂಪಗೆ, ತುಂಬಿಕೊಂಡಿದೆ. ಅದರ ಬಣ್ಣವೇ ಬೇರೆ, ಕಾಳೂ ಸಣ್ಣದು. "ಇದಕ್ಕ ಅರುಷಾ ಅಂತಾರ. ಹಿಂಗ ಒಂದೊಂದ್ ಚೀಲಕ್ಕ ಒಂದೊಂದ್ ಹೆಸರು: ಒಂದ್ ಲೆಮನ್, ಒಂದ್ ಗಜರಿ, ಒಂದ್ ಮಟ್ವಾರಾ. ಅಲ್ರೀ ಸರ್, ಈ ಅರುಷಾ ಯಾರ್ ಮಗಳ್ರೀ?"

ನಗು ಬಂತು, ಮರುಕ್ಷಣವೇ ನಾಚಿಕೆಯೂ ಆಯಿತು. ಅರುಷಾ ತಾಂಜಾನಿಯಾದ ಊರು. 1967ರಲ್ಲಿ ಅಲ್ಲಿನ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಸ್ವಾವಲಂಬನೆಯ ಘೋಷಣೆ ಹೊರಡಿಸಿದ್ದು ಅದೇ ಊರಿನ ಹೆಸರಲ್ಲಿ. ಆಮೇಲೆ ಅಭಿವೃದ್ಧಿಶೀಲ ದೇಶಗಳ ಸೌತ್ ಕಮಿಷನ್‌ಗೆ ಅವರೇ ಅಧ್ಯಕ್ಷರು, ಪ್ರಧಾನ ಕಾರ್ಯದರ್ಶಿ ನಮ್ಮ ಮನಮೋಹನ್ ಸಿಂಗ್. ಅರುಷಾ ಘೋಷಣೆ ಅಂತ ಐದು ಮಾರ್ಕಿನ ಪ್ರಶ್ನೆ ಎಷ್ಟು ಸಲ ಕೊಟ್ಟಿಲ್ಲ ನಾನು! ಅದೇ ಹೆಸರು ನಮ್ಮೂರ ಮಿಲ್ಲಿನ ಚೀಲದ ಮೇಲಿದೆ ಅಂತ ನನಗೆ ಹೇಳಿಕೊಡಲು ಕಾಕಾನೇ ಬೇಕಾಯಿತು.

ಫೋನಿನಲ್ಲಿ ನಕ್ಷೆ ತೆಗೆದು ತೋರಿಸಿದೆ. ಕಾಕಾ ಬೆರಳಿನಿಂದ ಕಲಬುರಗಿಯಿಂದ ಅರುಷಾವರೆಗೆ ಸಮುದ್ರ ದಾಟಿಸಿ ಗೆರೆ ಎಳೆದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ರೈತರಿಗೆ ಎಷ್ಟ್ ಸಿಗ್ತದಂತ್ರೀ ಇದಕ್ಕ?" ಅಂತ ಕೇಳಿದರು.

ಅಷ್ಟರಲ್ಲಿ ಟೆಂಡರ್ ಆಯಿತು ಅಂತ ತಮ್ಮ ಕೂಗಿದ. ಕಾಕಾ ಎರಡೂ ಬಗೆಯ ಕಾಳು ಒಟ್ಟಿಗೆ ಬಳಿದು ಜೇಬಿಗೆ ಹಾಕಿಕೊಂಡು ಎದ್ದರು.