ಕೈಸರನಿಗೆ ಒಂದು ತುಂಡು ಕೇಕ್

ಡಿಸೆಂಬರ್ ಮೂರನೆಯ ವಾರ ಬಂತೆಂದರೆ ಪತ್ರಿಕೆಗಳಲ್ಲಿ ಅಚ್ಚಾಗುವ ಆ ಚಿತ್ರವನ್ನು ನೀವೆಲ್ಲರೂ ನೋಡಿರುತ್ತೀರಿ. ಬಿಳಿಯ ನಿಲುವಂಗಿ ತೊಟ್ಟ ಗುರುಗಳು ಒಂದು ಕಡೆ, ಬಿಳಿಯ ಖಾದಿ ತೊಟ್ಟ ನಾಯಕರು ಇನ್ನೊಂದು ಕಡೆ, ನಡುವೆ ಒಂದು ಕೇಕ್, ಚಾಕುವಿನ ಹಿಡಿಗೆ ಏಳೆಂಟು ಕೈಗಳು. ದೆಹಲಿಯಲ್ಲಿ ತೆಗೆದರೂ ಅದೇ ಚಿತ್ರ, ತಾಲ್ಲೂಕು ಕೇಂದ್ರದಲ್ಲಿ ತೆಗೆದರೂ ಅದೇ ಚಿತ್ರ. ಪಕ್ಷ ಬದಲಾದರೆ ಶಾಲಿನ ಬಣ್ಣ ಬದಲಾಗುತ್ತದೆ, ಅಷ್ಟೇ. ಕ್ರೈಸ್ತರು ಪ್ರಭುತ್ವದೊಡನೆ ಹೇಗೆ ನಡೆದುಕೊಳ್ಳಬೇಕೆಂದು ಎರಡು ಸಾವಿರ ವರ್ಷ ದೇವಶಾಸ್ತ್ರಜ್ಞರು ತಲೆ ಕೆಡಿಸಿಕೊಂಡರು, ಉತ್ತರ ಮಾತ್ರ ಬೇಕರಿಯವನಿಗೆ ಗೊತ್ತಿತ್ತು.

ಕಳೆದ ಬಾರಿ ನಮ್ಮ ಚರ್ಚಿನ ಸಭೆಯಲ್ಲಿಯೂ ಈ ಸೌಹಾರ್ದ ಕೂಟ ನಡೆಯಿತು. ಆರು ಗಂಟೆಗೆ ಬರಬೇಕಾದ ಜನಪ್ರತಿನಿಧಿಗಳು ಎಂಟಕ್ಕೆ ಹತ್ತು ನಿಮಿಷವಿರುವಾಗ ಬಂದರು. ಅಷ್ಟರಲ್ಲಿ ಕ್ರಿಸ್ಮಸ್ ನಾಟಕದ ದೇವದೂತರಲ್ಲಿ ಇಬ್ಬರು ರಟ್ಟಿನ ರೆಕ್ಕೆ ಕಟ್ಟಿಕೊಂಡೇ ಅಜ್ಜಿಯರ ತೊಡೆಯ ಮೇಲೆ ನಿದ್ದೆ ಹೋಗಿದ್ದರು. ಯಾರೋ ಉತ್ಸಾಹಿಗಳು ಫೋಟೊ ಕೇಕ್ ಮಾಡಿಸಿದ್ದರು. ಅದರ ಮೇಲೆ ನಾಯಕರ ಮುಖ ದೊಡ್ಡದಾಗಿ ನಗುತ್ತಿತ್ತು, ಬಾಲಯೇಸು ಮೂಲೆಯಲ್ಲಿ, ಬೇಕರಿಯ ಹೆಸರಿನ ಪಕ್ಕದಲ್ಲಿ ಮಲಗಿದ್ದ. ನಾಣ್ಯವನ್ನು ತರಿಸಿ ‘ಈ ಮುಖ ಯಾರದು’ ಎಂದು ಯೇಸು ಕೇಳಿದ್ದು, ರೋಮಿನ ಚಕ್ರವರ್ತಿ ಕೈಸರನದೆಂದಾಗ ‘ಕೈಸರನದನ್ನು ಕೈಸರನಿಗೆ ಕೊಡಿ’ ಎಂದದ್ದು ನನಗೆ ನೆನಪಾಯಿತು. ನಾಯಕರ ಕೆನ್ನೆಯ ಭಾಗವನ್ನು ಕತ್ತರಿಸಿ ಅವರ ಬಾಯಿಗೇ ಇಟ್ಟಾಗ ಕೈಸರನದು ಕೈಸರನಿಗೆ ಸಂದಿತು.

ಆಮೇಲೆ ಸ್ಮಶಾನದ ಜಾಗಕ್ಕಾಗಿ ಮನವಿ ಪತ್ರ. ನಮ್ಮ ಕಾರ್ಯದರ್ಶಿಗಳು ಮಿತವ್ಯಯಿಗಳು. ಕಂಪ್ಯೂಟರಿನಲ್ಲಿರುವ ಹಳೆಯ ಪ್ರತಿಯಲ್ಲಿ ಇಸವಿಯನ್ನೂ ಹೆಸರನ್ನೂ ತಿದ್ದಿ ಮುದ್ರಿಸುತ್ತಾರೆ. ಈ ಸಲ ಇಸವಿಯನ್ನು ತಿದ್ದಿ ಹೆಸರನ್ನು ಮರೆತಿದ್ದರಿಂದ ಗೆದ್ದವರ ಕೈಗೆ ಸೋತವರ ಹೆಸರಿನ ಮನವಿ ಹೋಯಿತು. ನಮಗೆಲ್ಲ ಎದೆ ಧಸಕ್ಕೆಂದಿತು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಛಾಯಾಗ್ರಾಹಕನ ಕಡೆ ನೋಡಿದರು, ಆಪ್ತ ಸಹಾಯಕರಿಗೆ ದಾಟಿಸಿದರು, ‘ಖಂಡಿತ ಮಾಡೋಣ’ ಎಂದರು. ಓದದವರಿಂದ ಅಪಾಯವಿಲ್ಲವೆಂಬ ಜ್ಞಾನ ಅಂದು ನಮಗೆ ಲಭಿಸಿತು.

ಹಾಗೆಂದು ಸರ್ಕಾರಗಳು ನಮ್ಮನ್ನು ಮರೆತಿವೆ ಎನ್ನುವವರು ಕೃತಘ್ನರು. ನಮ್ಮ ಹಬ್ಬಗಳ ತಾರೀಖು ಅವುಗಳಿಗೆ ಬಾಯಿಪಾಠ. 2014ರಿಂದ ಡಿಸೆಂಬರ್ 25 ಸುಶಾಸನ ದಿನವೂ ಆಗಿದೆ. 2015ರಲ್ಲಿ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳ ಸಮ್ಮೇಳನಕ್ಕೆ ಶುಭ ಶುಕ್ರವಾರಕ್ಕಿಂತ ಒಳ್ಳೆಯ ಮುಹೂರ್ತ ಸಿಗಲಿಲ್ಲ. ಆಗ ಸುಪ್ರೀಂ ಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಪತ್ರ ಬರೆದು ಬೇಸರ ತೋಡಿಕೊಂಡರು, ಸಮ್ಮೇಳನ ಮಾತ್ರ ನಡೆದೇ ನಡೆಯಿತು. 2024ರಲ್ಲಿ ಮಣಿಪುರ ಸರ್ಕಾರ ಆರ್ಥಿಕ ವರ್ಷದ ಕೊನೆಯೆಂದು ಈಸ್ಟರ್ ಭಾನುವಾರವನ್ನೇ ಕೆಲಸದ ದಿನವೆಂದು ಸಾರಿ, ಗದ್ದಲವಾದ ಮೇಲೆ ಹಿಂತೆಗೆದುಕೊಂಡಿತು. ನಮ್ಮ ವಿಧಾನಸಭೆಯೂ ಹಿಂದೆ ಬೀಳಲಿಲ್ಲ. 2021ರ ಡಿಸೆಂಬರ್ 23ರಂದು, ಮನೆಮನೆಯಲ್ಲಿ ಕಲ್ಕಲ್ ಕರಿಯುತ್ತಿದ್ದ ಹೊತ್ತಿಗೆ ಸರಿಯಾಗಿ, ಬೆಳಗಾವಿಯಲ್ಲಿ ಮತಾಂತರ ನಿಷೇಧ ಮಸೂದೆಯನ್ನು ಅಂಗೀಕರಿಸಿ ಕ್ರಿಸ್ಮಸ್ ಉಡುಗೊರೆ ಕಳಿಸಿತು.

ಆ ಕಾಯ್ದೆಯನ್ನು ಬರೆದವರ ಕಲ್ಪನಾಶಕ್ತಿಗೆ ನಾನು ತಲೆಬಾಗುತ್ತೇನೆ. ಮನಸ್ಸು ಬದಲಾಗುವುದಕ್ಕೆ ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗಳಿಗೆ ನಮೂನೆ ತುಂಬಿ ಕೊಡಬೇಕು. ಅದನ್ನು ಕಚೇರಿಯ ಸೂಚನಾ ಫಲಕಕ್ಕೆ ಅಂಟಿಸಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಊರನ್ನೇ ಕೇಳಲಾಗುತ್ತದೆ. ದಮಸ್ಕದ ದಾರಿಯಲ್ಲಿ ಬೆಳಕು ಕಂಡು ನೆಲಕ್ಕುರುಳಿ ಯೇಸುವಿನ ಶಿಷ್ಯನಾದ ಪೌಲ ಮೊದಲು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಬೇಕಿತ್ತು. ಉಡುಗೊರೆ, ಉಚಿತ ಶಿಕ್ಷಣಗಳ ಜೊತೆಗೆ ‘ಉತ್ತಮ ಜೀವನಶೈಲಿ’ಯೂ ‘ದೈವಿಕ ಅಸಂತೋಷ’ವೂ ಈ ಕಾಯ್ದೆಯಲ್ಲಿ ಆಮಿಷಗಳೇ. ದೇವರು ಸಿಟ್ಟಾಗುತ್ತಾನೆಂದು ಹೆದರಿಸದ ಒಬ್ಬನೇ ಒಬ್ಬ ಪುರೋಹಿತನನ್ನು ಯಾವ ಧರ್ಮದಲ್ಲಾದರೂ ತೋರಿಸಿದರೆ ಆತನಿಗೆ ನಮ್ಮ ಸಭೆಯಿಂದ ಮೈಸೂರು ಪೇಟ ತೊಡಿಸುತ್ತೇವೆ. ಬಿಟ್ಟುಬಂದ ಧರ್ಮಕ್ಕೆ ಹಿಂದಿರುಗುವವನಿಗೆ ಮಾತ್ರ ಈ ಕಾಟ ಯಾವುದೂ ಇಲ್ಲ. ಆತ್ಮಕ್ಕೂ ಏಕಮುಖ ಸಂಚಾರ. ಮುಂದೆ ಬಂದ ಸರ್ಕಾರದ ಸಂಪುಟ 2023ರ ಜೂನ್‌ನಲ್ಲಿ ಇದನ್ನು ರದ್ದುಪಡಿಸಲು ತೀರ್ಮಾನಿಸಿದಾಗ, ತೀರ್ಮಾನಕ್ಕೂ ರದ್ದತಿಗೂ ನಡುವೆ ವಿಧಾನ ಮಂಡಲವೆಂಬುದೊಂದು ಇದೆಯೆಂಬುದನ್ನು ಮರೆತು, ನಮ್ಮ ಹಿರಿಯರು ಮರುದಿನವೇ ಶಾಲು ಕೊಳ್ಳಲು ಓಡಿದರು.

ಇಷ್ಟೆಲ್ಲ ಆದರೂ ಯಾಕೆ ಸುಮ್ಮನಿದ್ದೀರಿ ಎಂದು ಕೇಳಿದರೆ ಹಿರಿಯರು ಸತ್ಯವೇದ ತೆರೆಯುತ್ತಾರೆ. ‘ಮೇಲಿರುವ ಅಧಿಕಾರಿಗಳಿಗೆ ಅಧೀನನಾಗಿರು ಅಂತ ಪೌಲನೇ ರೋಮಾಪುರದವರಿಗೆ ಬರೆದಿದ್ದಾನಲ್ಲಪ್ಪ’ ಎನ್ನುತ್ತಾರೆ. ಬರೆದಿದ್ದಾನೆ, ನಿಜ. ಅದೇ ಪೌಲ ಫಿಲಿಪ್ಪಿಯಲ್ಲಿ ಏನು ಮಾಡಿದನೆಂಬ ಪುಟಗಳು ಮಾತ್ರ ನಮ್ಮ ಸತ್ಯವೇದದಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ವಿಚಾರಣೆಯಿಲ್ಲದೆ ಛಡಿಯಿಂದ ಹೊಡೆಸಿ, ಕಾಲಿಗೆ ಕೋಳ ಹಾಕಿಸಿ ಸೆರೆಯಲ್ಲಿಟ್ಟ ಅಧಿಪತಿಗಳು ಬೆಳಗಾಗುತ್ತಲೇ ‘ಇವರನ್ನು ಬಿಟ್ಟುಬಿಡಿ’ ಎಂದು ಆಳು ಕಳಿಸಿದರು. ನಮ್ಮವರಾಗಿದ್ದರೆ ಕೃತಜ್ಞತಾ ಸಭೆಯನ್ನೇ ನಡೆಸುತ್ತಿದ್ದರು. ಪೌಲ ಜಾಗ ಬಿಟ್ಟು ಕದಲಲಿಲ್ಲ. ರೋಮಿನ ಪ್ರಜೆಗಳನ್ನು ಜನರೆದುರು ಹೊಡೆಸಿ ಈಗ ಗುಟ್ಟಾಗಿ ಸಾಗಹಾಕುವುದು ಬೇಡ, ಹೊಡೆಸಿದವರೇ ಬಂದು ಕರೆದುಕೊಂಡು ಹೋಗಲಿ ಎಂದ. ಬಂದರು, ಬೇಡಿಕೊಂಡರು. ಮುಂದೆ ಅವನು ಕೈಸರನಿಗೇ ಮೇಲ್ಮನವಿ ಹಾಕಿದ. ಅಧೀನತೆಯೆಂದರೆ ಅವನಿಗೆ ಕಾನೂನು ಗೊತ್ತಿರುವುದು; ನಮಗೆ ಬೇಕರಿ ಗೊತ್ತಿರುವುದು.

ನಕ್ಕದ್ದು ಸಾಕು. 2001ರ ಜನಗಣತಿಯಲ್ಲಿ ಈ ರಾಜ್ಯದ ಶೇಕಡಾ 1.91ರಷ್ಟಿದ್ದ ನಾವು 2011ರಲ್ಲಿ 1.87ಕ್ಕೆ ಇಳಿದೆವು. ಇಳಿಯುತ್ತಿರುವ ಈ ಜನ ನಾಡನ್ನೇ ಮತಾಂತರಿಸುತ್ತಿದ್ದಾರೆಂದು ಅಧಿವೇಶನದಲ್ಲಿ ಗಂಟೆಗಟ್ಟಲೆ ಚರ್ಚೆಯಾಗುತ್ತದೆ. ಬಾಡಿಗೆ ಮನೆಯಲ್ಲಿ ಹತ್ತು ಮಂದಿ ಸೇರಿ ಕೀರ್ತನೆ ಹಾಡಿದರೆ ಹೊರಗೆ ಗುಂಪು ಸೇರುತ್ತದೆ, ಠಾಣೆಗೆ ಹೋಗಬೇಕಾದವರು ಹಾಡಿದವರೇ. ಇದು ಗೊತ್ತಿದ್ದೂ ಆ ಚಾಕುವಿನ ಹಿಡಿಯ ಮೇಲೆ ಕೈಯಿಡಲು ನೂಕಾಡುತ್ತೇವಲ್ಲ, ಅದು ಅಧೀನತೆಯೂ ಅಲ್ಲ, ಸೌಹಾರ್ದವೂ ಅಲ್ಲ, ಹೆದರಿಕೆ. ನನಗೂ ಇದೆ, ಅಂದು ಶಾಲುಗಳ ತಟ್ಟೆ ಹಿಡಿದು ನಿಂತವನು ನಾನೇ.

ನಾಯಕರ ಕಾರು ಹೊರಟ ಮೇಲೆ, ನಮ್ಮ ಸಭೆಯ ವೃದ್ಧೆಯೊಬ್ಬರು ಕಾರ್ಯದರ್ಶಿಗಳ ಹತ್ತಿರ ಬಂದರು. ಜಾಗವಿಲ್ಲದೆ ಅವರ ಯಜಮಾನರನ್ನು ಅತ್ತೆಯ ಗುಂಡಿಯನ್ನೇ ಮತ್ತೆ ಅಗೆದು ಮಣ್ಣು ಮಾಡಿದ್ದೆವು.

‘ಜಾಗದ ಮಾತು ಏನಾಯ್ತಪ್ಪಾ?’

‘ಖಂಡಿತ ಮಾಡೋಣ ಅಂದ್ರಮ್ಮ.’

ಅವರ ಕಾಗದದ ತಟ್ಟೆಯಲ್ಲಿ ನಾಯಕರ ಎಡಗಿವಿ ಹಾಗೇ ಉಳಿದಿತ್ತು. ಅದನ್ನು ಆಗತಾನೇ ಎದ್ದ ದೇವದೂತನ ಕೈಗೆ ಕೊಟ್ಟು, ಬಾಗಿಲ ಬಳಿ ತಮ್ಮ ಚಪ್ಪಲಿ ಹುಡುಕತೊಡಗಿದರು.