ಮಣಿಸರಕ್ಕೆ ಬಣ್ಣ ಬೇಡವಂತೆ!

ಕಾರವಾರದಲ್ಲಿ ಒಂದು ಫೋಟೊ ಪ್ರದರ್ಶನ ನೋಡಿ ಈಗಷ್ಟೇ ಮನೆಗೆ ಬಂದೆ. ಬಂದವನೇ ಬರೆಯಲು ಕೂತಿದ್ದೇನೆ. "ಮೊದಲು ಬಿಪಿ ಮಾತ್ರೆ ತಗೊಳ್ಳಿ, ಆಮೇಲೆ ಬರೀರಿ" ಅಂದಳು ಹೆಂಡತಿ. ಮಾತ್ರೆ ತಗೊಂಡೆ. ಸಿಟ್ಟು ಇಳಿದಿಲ್ಲ.

ಮೊದಲ ಬಹುಮಾನ ಬಂದದ್ದು ನಮ್ಮ ಉತ್ತರ ಕನ್ನಡದ ಹಾಲಕ್ಕಿ ಸಮುದಾಯದ ಒಬ್ಬ ಅಜ್ಜಿಯ ಫೋಟೊಕ್ಕೆ. ಕುತ್ತಿಗೆಯಿಂದ ಎದೆಯವರೆಗೆ ರಾಶಿ ಮಣಿಸರ, ಮೂಗಿನಲ್ಲಿ ನತ್ತು, ಮುಡಿಯಲ್ಲಿ ಹೂವು. ಬೆಳಕು ಚೆನ್ನಾಗಿದೆ. ಫೋಕಸ್ ಸರಿಯಾಗಿ ಕಣ್ಣಿನ ಮೇಲೆ ಕೂತಿದೆ. ಹುಡುಗನಿಗೆ ಕೆಲಸ ಗೊತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಫೋಟೊ ಬ್ಲ್ಯಾಕ್ ಅಂಡ್ ವೈಟ್! ಹಾಲಕ್ಕಿ ಅಜ್ಜಿಯ ಮಣಿಸರ ಬ್ಲ್ಯಾಕ್ ಅಂಡ್ ವೈಟ್! ಕೆಳಗೆ 'ಟೈಮ್‌ಲೆಸ್' ಅಂತ ಹೆಸರು ಬೇರೆ.

ಹುಡುಗ ಅಲ್ಲೇ ನಿಂತಿದ್ದ. "ಕಲರ್ ಫೈಲ್ ಇದ್ಯನಾ?" ಅಂತ ಕೇಳಿದೆ.

"ಇದೆ ಸರ್, ಮೊಬೈಲಲ್ಲೇ ಇದೆ" ಅಂತ ತೆಗೆದು ತೋರಿಸಿದ.

ಅಬ್ಬಾ! ಕರಿಮಣಿಗಳ ನಡುವೆ ಹಳದಿ, ಕೆಂಪು, ಬಿಳಿ. ಮುಡಿಯಲ್ಲಿದ್ದದ್ದು ಅಬ್ಬಲಿಗೆ, ಅಂದರೆ ಕನಕಾಂಬರ. ಹಿಂದೆ ಕೆಮ್ಮಣ್ಣು ಬಳಿದ ಗೋಡೆ. ಆ ಅಜ್ಜಿ ಬೆಳಗ್ಗೆ ಎದ್ದು ಒಂದೊಂದೇ ಸರ ಹಾಕಿಕೊಂಡು, ಹೂವು ಮುಡಿದು ಬಂದು ನಿಂತಿದ್ದಾಳೆ. ಇವರು ಒಂದು ಬಟನ್ ಒತ್ತಿ ಎಲ್ಲಾ ಕಿತ್ತುಕೊಂಡರು.

"ಇದನ್ನೇ ಹಾಕಬಹುದಿತ್ತಲ್ಲೋ ಮಾರಾಯಾ?"

"ಕಲರ್ ಇದ್ರೆ ಕಣ್ಣು ಆಚೀಚೆ ಹೋಗ್ತದೆ ಸರ್, ಸುಕ್ಕು ಕಾಣೂದಿಲ್ಲ. ಜಡ್ಜ್‌ಗಳಿಗೆ ಇಂಥದ್ದೇ ಬೇಕು."

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಜಡ್ಜ್‌ಗಳ ತಲೆ ಓದಿದ್ದಾನೆ, ಬಹುಮಾನವನ್ನೂ ಹೊಡೆದಿದ್ದಾನೆ. ಆದರೆ ಅಜ್ಜಿ ಅಂದರೆ ಬರೀ ಸುಕ್ಕಾ?

ಗೋಡೆ ಉದ್ದಕ್ಕೂ ಇದೇ ಕಥೆ. ಬೈತಖೋಲದ ಮೀನುಗಾರ, ಬ್ಲ್ಯಾಕ್ ಅಂಡ್ ವೈಟ್. ಬುಟ್ಟಿ ಹೊತ್ತ ಮೀನು ಮಾರುವವಳು, ಬ್ಲ್ಯಾಕ್ ಅಂಡ್ ವೈಟ್. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವವರು, ಅದೂ ಹಾಗೇ. ಇದೇ ಫೋಟೊಗ್ರಾಫರುಗಳ ಮದುವೆ ಆಲ್ಬಂ ನೋಡಿದ್ದೇನೆ. ಅಲ್ಲಿ ಮದುಮಗಳ ಸೀರೆಯ ಕೆಂಪು ಕಣ್ಣಿಗೆ ಚುಚ್ಚುವಷ್ಟು ಏರಿಸಿರುತ್ತಾರೆ. ಅಂದರೆ ಲೆಕ್ಕ ಸರಳ. ದುಡ್ಡು ಕೊಡುವವರಿಗೆ ಕಲರ್. ಬಡವರಿಗೆ, ಮುದುಕರಿಗೆ, ಬೆವರು ಸುರಿಸುವವರಿಗೆ ಬೂದು ಬಣ್ಣ. ಅದಕ್ಕೆ ಹೆಸರು ಕಲೆ!

ಒಬ್ಬರು ಜಡ್ಜ್ ಸಿಕ್ಕರು. ನನ್ನನ್ನು ನನ್ನ ಫೋಟೊ ಸ್ಟುಡಿಯೋ ಕಾಲದಿಂದ ಬಲ್ಲವರೇ. ರಘುಬೀರ್ ಸಿಂಗ್ ಅವರ ಫೋಟೊ ನೋಡಿದ್ದೀರಾ ಅಂತ ಕೇಳಿದೆ. "ರಘು ರಾಯ್ ಅಲ್ವಾ?" ಅಂದರು. ಅಲ್ಲ ಸ್ವಾಮಿ. ಇಬ್ಬರೂ ಹುಟ್ಟಿದ್ದು 1942ರಲ್ಲಿ, ಇಬ್ಬರೂ ದೊಡ್ಡವರು. ಆದರೆ ನಾನು ಕೇಳಿದ್ದು ಇನ್ನೊಬ್ಬರ ವಿಷಯ. ಜಡ್ಜ್ ಸಾಹೇಬರು ಗಡಿಯಾರ ನೋಡಿಕೊಂಡು ಚಹಾ ಇಟ್ಟ ಕಡೆ ಹೋದರು. ಅವರಿಗೆ ಹೇಳಬೇಕಾಗಿದ್ದನ್ನು ಈಗ ನಿಮಗೆ ಹೇಳುತ್ತೇನೆ. ನೀವು ಎದ್ದು ಹೋದರೆ ನನಗೆ ಕಾಣುವುದಿಲ್ಲ.

ರಘುಬೀರ್ ಸಿಂಗ್ ಜೈಪುರದವರು. ದೊಡ್ಡ ರಜಪೂತ ಮನೆತನ. ದಿಲ್ಲಿಯ ಹಿಂದೂ ಕಾಲೇಜಿಗೆ ಸೇರಿ ಅರ್ಧಕ್ಕೇ ಬಿಟ್ಟರು. ಚಹಾ ಕಂಪನಿಯಲ್ಲಿ ನೌಕರಿ ಹುಡುಕಿಕೊಂಡು ಕಲ್ಕತ್ತಾಕ್ಕೆ ಹೋದರು, ಸಿಗಲಿಲ್ಲ. ಪುಣ್ಯ ನಮ್ಮದು! ಫೋಟೊ ತೆಗೆಯುವುದನ್ನು ತಾವೇ ಕಲಿತರು. ಅರವತ್ತರ ದಶಕದ ನಡುವೆ ವಿದ್ಯಾರ್ಥಿಗಳ ಗಲಾಟೆಯ ಫೋಟೊಗಳು ಅಮೆರಿಕದ 'ಲೈಫ್' ಪತ್ರಿಕೆಯಲ್ಲಿ ಬಂದವು. ಕಲ್ಕತ್ತಾದಲ್ಲಿ ಸತ್ಯಜಿತ್ ರಾಯ್ ಪರಿಚಯವಾಯಿತು. 1974ರಲ್ಲಿ ಗಂಗಾನದಿಯ ಮೇಲೆ ಮೊದಲ ಪುಸ್ತಕ ಬಂದಾಗ ಅದರ ಮುಖಪುಟ ಮಾಡಿಕೊಟ್ಟದ್ದು ರಾಯ್ ಅವರೇ.

ಇನ್ನೊಂದು ಭೇಟಿ ನನಗೆ ಇದಕ್ಕಿಂತ ದೊಡ್ಡದು. 1966ರಲ್ಲಿ ಫ್ರಾನ್ಸಿನ ಹೆನ್ರಿ ಕಾರ್ಟಿಯೇ ಬ್ರೆಸ್ಸೋನ್ ಜೈಪುರಕ್ಕೆ ಬಂದಿದ್ದರು. ಬೀದಿ ಫೋಟೊಗ್ರಫಿಗೆ ಅವರು ದೇವರ ಸಮಾನ. ಅವರು ಕೆಲಸ ಮಾಡುವುದನ್ನು ಸಿಂಗ್ ಹತ್ತಿರದಿಂದ ನೋಡಿದರು. ಚಿಕ್ಕ ಕ್ಯಾಮೆರಾ ಹಿಡಿದು ಜನರ ನಡುವೆ ನುಗ್ಗುವುದು, ಕ್ಷಣ ಕಾಯುವುದು, ಫ್ರೇಮ್ ಕಟ್ಟುವುದು, ಎಲ್ಲಾ ನೋಡಿದರು. ಆದರೆ ಕಾರ್ಟಿಯೇ ಬ್ರೆಸ್ಸೋನ್‌ಗೆ ಕಲರ್ ಅಂದರೆ ಆಗುತ್ತಿರಲಿಲ್ಲ. ಸಿಂಗ್ ಗುರುವಿನ ಕಣ್ಣು ತಗೊಂಡರು, ಗುರುವಿನ ಮಡಿ ತಗೊಳ್ಳಲಿಲ್ಲ.

ಮಡಿ ಅಂತ ಸುಮ್ನೆ ಹೇಳಿದ್ದಲ್ಲ. ಆಗ ಪಶ್ಚಿಮದ ಫೋಟೊಗ್ರಫಿಯಲ್ಲಿ ನಿಜಕ್ಕೂ ಮಡಿಮೈಲಿಗೆ ಇತ್ತು. ಕಲರ್ ಅಂದರೆ ಜಾಹೀರಾತಿಗೆ, ಫ್ಯಾಷನ್ನಿಗೆ, ಪ್ರವಾಸಿಗರ ಸ್ಲೈಡಿಗೆ. ಅಮೆರಿಕದ ವಾಕರ್ ಎವನ್ಸ್ ಅಂಥ ದೊಡ್ಡ ಫೋಟೊಗ್ರಾಫರ್ ಕಲರ್ ಫೋಟೊಗ್ರಫಿಯೇ ಕೀಳು ಅಭಿರುಚಿ ಅನ್ನುವ ಅರ್ಥದಲ್ಲಿ 1969ರಲ್ಲಿ ಬರೆದಿದ್ದರು. ನ್ಯೂಯಾರ್ಕಿನಲ್ಲಿ ಸಾಲ್ ಲೈಟರ್ ಅಂತ ಒಬ್ಬರು 1948ರಿಂದಲೇ ಮಳೆ, ಕೊಡೆ, ಬೆವರಿದ ಗಾಜು ಅಂತ ಬೀದಿಯ ಬಣ್ಣ ಹಿಡಿಯುತ್ತಿದ್ದರು. ಆ ಫೋಟೊಗಳು ಪುಸ್ತಕವಾಗಿ ಬಂದು ಜಗತ್ತು ತಿರುಗಿ ನೋಡಬೇಕಾದರೆ 2006 ಆಗಬೇಕಾಯಿತು. ಅಷ್ಟರಲ್ಲಿ ಅವರಿಗೆ ಎಂಬತ್ತು ದಾಟಿತ್ತು. 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ವಿಲಿಯಂ ಎಗಲ್‌ಸ್ಟನ್ ಅವರ ಕಲರ್ ಫೋಟೊ ತೂಗುಹಾಕಿದಾಗ ವಿಮರ್ಶಕರು ಮೈಮೇಲೆ ಬಿದ್ದರು. ಆ 1976ರ ಗಲಾಟೆ ನಡೆಯುವ ಹೊತ್ತಿಗೆ ನಮ್ಮ ಸಿಂಗ್ ಸುಮಾರು ಹತ್ತು ವರ್ಷದಿಂದ ಕಲರ್ ತೆಗೆಯುತ್ತಿದ್ದರು. ಯಾರ ಅಪ್ಪಣೆಗೂ ಕಾಯಲಿಲ್ಲ.

ಕಾಯಲಿಲ್ಲ ಅಂದೆ, ಆದರೆ ಅದು ಎಷ್ಟು ಕಷ್ಟದ ಕೆಲಸ ಅಂತ ಈಗಿನವರಿಗೆ ಹೇಗೆ ಹೇಳಲಿ? ಅವರು ಬಳಸುತ್ತಿದ್ದದ್ದು ಕೊಡಾಕ್ರೋಮ್ ಸ್ಲೈಡ್ ಫಿಲ್ಮ್. ಆಮದಿಗೆ ಕಟ್ಟುನಿಟ್ಟು ಇದ್ದ ಕಾಲ, ಅಂಗಡಿಗೆ ಹೋಗಿ ತರುವ ವಸ್ತುವಲ್ಲ. 'ನ್ಯಾಷನಲ್ ಜಿಯಾಗ್ರಫಿಕ್'ನಂಥ ಹೊರಗಿನ ಪತ್ರಿಕೆಗಳ ಕೆಲಸ ಹಿಡಿದು ಅದರಿಂದ ಫಿಲ್ಮ್ ದಕ್ಕಿಸಿಕೊಂಡರು. ಆ ಫಿಲ್ಮ್ ತುಂಬಾ ನಿಧಾನದ್ದು, 25 ಇಲ್ಲವೇ 64 ಐಎಸ್ಒ, ಅಂದರೆ ಬೆಳಕು ಜಾಸ್ತಿ ಬೇಕು. ಮೋಡ ಕವಿದರೆ ಕೈ ನಡುಗುತ್ತದೆ. ಎಕ್ಸ್‌ಪೋಶರ್, ಅಂದರೆ ಬೆಳಕಿನ ಲೆಕ್ಕ, ಅರ್ಧ ಸ್ಟಾಪ್ ತಪ್ಪಿದರೂ ಕಷ್ಟ, ಆಮೇಲೆ ಕಂಪ್ಯೂಟರಿನಲ್ಲಿ ಎಳೆದು ಸರಿಮಾಡುವ ಮಾತೇ ಇಲ್ಲ. ನಮ್ಮ ಡಾರ್ಕ್‌ರೂಮಿನಲ್ಲಿ ತೊಳೆಯಲೂ ಬರುವುದಿಲ್ಲ, ಅದಕ್ಕೆ ಬೇರೆಯೇ ಲ್ಯಾಬ್ ಬೇಕು. ನಾವು ಮಾಮೂಲಿ ಕಲರ್ ರೋಲನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸಿ, ಅದು ವಾಪಸ್ ಬರುವವರೆಗೆ ದೇವರಿಗೆ ಹರಕೆ ಹೊರುತ್ತಿದ್ದವರು. ಹಾಗಾಗಿ ನನಗೆ ಅವರ ಧೈರ್ಯ ಹೊಟ್ಟೆಯಲ್ಲಿ ಅರ್ಥವಾಗುತ್ತದೆ.

ಅಂಥ ಫಿಲ್ಮಿನಲ್ಲಿ 1967ರಲ್ಲಿ ಬಿಹಾರದ ಮುಂಗೇರಿನಲ್ಲಿ ಒಂದು ಫೋಟೊ ತೆಗೆದರು. ಜೋರು ಮಳೆ, ಒದ್ದೆಯಾಗಿ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತ ಹೆಂಗಸರು. ಮೈಗೆ ಅಂಟಿದ ಸೀರೆಗಳ ಬಣ್ಣ ಆ ಮಬ್ಬಿನಲ್ಲಿ ಇನ್ನಷ್ಟು ಗಾಢವಾಗಿ ಕಾಣುತ್ತದೆ. ಅದರ ಬಣ್ಣ ತೆಗೆದು ನೋಡಿ, ಏನು ಉಳಿಯುತ್ತದೆ? ನಾಲ್ಕು ಜನ ಪಾಪದವರು ಮಳೆಯಲ್ಲಿ ನೆಂದರು ಅನ್ನುವ ಸುದ್ದಿ ಅಷ್ಟೇ. ಬಣ್ಣ ಇದ್ದಾಗ ಅವರು ಪಾಪದವರಾಗಿ ಕಾಣುವುದಿಲ್ಲ. 1991ರ ಹೌರಾದ ಫುಟ್‌ಪಾತ್ ಫೋಟೊ ಒಂದಿದೆ. ಬೀದಿಬದಿಯಲ್ಲಿ ಕನ್ನಡಿ ಮಾರಾಟಕ್ಕೆ ಇಟ್ಟಿದ್ದಾರೆ. ಬೀದಿಯೆಲ್ಲ ಆ ಕನ್ನಡಿಗಳಲ್ಲಿ ಚೂರುಚೂರಾಗಿ ಕೂತಿದೆ. ಯಾವುದು ಎದುರಿನದ್ದು, ಯಾವುದು ಹಿಂದಿನದ್ದು ಅಂತ ನಮಗೆ ದಾರಿ ತೋರಿಸುವುದೇ ಬಣ್ಣ.

ಅಂಬಾಸಡರ್ ಕಾರಿನ ಮೇಲೂ ಅವರ ಒಂದು ಪುಸ್ತಕ ಇದೆ, ತೀರಿಕೊಂಡ ಮೇಲೆ 2002ರಲ್ಲಿ ಬಂತು. ಕಾರಿನ ಬಾಗಿಲು, ಕಿಟಕಿ, ಕನ್ನಡಿ ಇವನ್ನೇ ಚೌಕಟ್ಟು ಮಾಡಿಕೊಂಡು ದೇಶ ನೋಡಿದ್ದಾರೆ. ನಮ್ಮ ಘಾಟಿಯಲ್ಲಿ ಅಂಬಾಸಡರ್ ಟ್ಯಾಕ್ಸಿ ಹತ್ತಿ ವಾಂತಿ ಮಾಡಿಕೊಂಡವರಿಗೆ ಆ ಕಿಟಕಿಯ ಬೆಲೆ ಬೇರೆಯೇ ಗೊತ್ತು, ಬಿಡಿ.

ಹಾಂಗ್‌ಕಾಂಗ್, ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ಅಂತ ಹೊರಗೇ ಬದುಕಿದರು, ಕ್ಯಾಮೆರಾ ಮಾತ್ರ ಭಾರತದ ಕಡೆಗೇ. ಕಾಶ್ಮೀರ, ರಾಜಸ್ಥಾನ, ಬನಾರಸ್, ಕಲ್ಕತ್ತಾ, ಬೊಂಬಾಯಿ, ಕೇರಳ, ತಮಿಳುನಾಡು ಎಲ್ಲದಕ್ಕೂ ಒಂದೊಂದು ಪುಸ್ತಕ. ಬೊಂಬಾಯಿ ಆಯ್ತು, ಕೇರಳ ಆಯ್ತು, ನಡುವಿನ ನಮ್ಮ ಕರಾವಳಿಗೆ ಪುಸ್ತಕ ಇಲ್ಲ. ಇದು ನನ್ನ ಹಳೇ ತಕರಾರು. ಯಾರ ಹತ್ತಿರ ಹೇಳಲಿ? 1999ರಲ್ಲಿ ನ್ಯೂಯಾರ್ಕಿನಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ಅರವತ್ತೂ ಆಗಿರಲಿಲ್ಲ.

ಅವರೇನು ಪುಣ್ಯಪುರುಷ ಅಂತ ನಾನು ಹೇಳುತ್ತಿಲ್ಲ. 2017ರಲ್ಲಿ ನ್ಯೂಯಾರ್ಕಿನ ಮೆಟ್ ಮ್ಯೂಸಿಯಂ ಅವರ ದೊಡ್ಡ ಪ್ರದರ್ಶನ ಇಟ್ಟಾಗ ಕಲಾವಿದೆಯೊಬ್ಬರು ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿ ಹೊರಗೆ ಪ್ರತಿಭಟನೆ ನಡೆಸಿದ್ದರು. ಅದನ್ನು ಮುಚ್ಚಿಟ್ಟು ಹೊಗಳುವುದು ನನ್ನಿಂದಾಗದು. ನಾನು ಹೇಳುತ್ತಿರುವುದು ಅವರು ಬಣ್ಣದ ಬಗ್ಗೆ ಕಟ್ಟಿದ ವಾದವನ್ನು.

ಆ ವಾದ 1998ರ 'ರಿವರ್ ಆಫ್ ಕಲರ್' ಪುಸ್ತಕದಲ್ಲಿದೆ. ಕ್ಯಾಮೆರಾ ಬರುವ ಮೊದಲು ಭಾರತದ ಕಲಾವಿದ ಕಪ್ಪುಬಿಳುಪಿನಲ್ಲಿ ನೋಡಿದವನೇ ಅಲ್ಲ, ಬಣ್ಣವೇ ಅವನ ಹುಟ್ಟು ನೋಟ ಅನ್ನುತ್ತಾರೆ. ನಾನು ಇದಕ್ಕೆ ನಮ್ಮ ಕಡೆಯ ಸಾಕ್ಷಿ ಕೊಡುತ್ತೇನೆ. ತೊಗಲುಗೊಂಬೆ ಆಟ ನೋಡಿ. ಅದು ನೆರಳಿನ ಆಟ, ಆದರೆ ಪರದೆಯ ಮೇಲೆ ಬೀಳುವ ನೆರಳೂ ಕೆಂಪು, ಹಸಿರು! ಸುಗ್ಗಿ ಕುಣಿತದ ತುರಾಯಿ ನೋಡಿ. ಶಿರಸಿಯ ಬೇಡರ ವೇಷದ ನವಿಲುಗರಿ ನೋಡಿ. ಶಿರಸಿ ಪೇಟೆಯಲ್ಲಿ ಕೆಂಪಡಿಕೆಗೆ ಒಂದು ರೇಟು, ಚಾಲಿಗೆ, ಅಂದರೆ ಬಿಳಿ ಅಡಿಕೆಗೆ, ಇನ್ನೊಂದು. ಬಣ್ಣ ಕೆಟ್ಟ ಅಡಿಕೆಗೆ ವ್ಯಾಪಾರಿ ಮುಖ ತಿರುಗಿಸುತ್ತಾನೆ. ಕಾರವಾರದ ಮೀನು ಪೇಟೆಯಲ್ಲಿ ಬಂಗುಡೆಯ ಕಿವಿರು ಎತ್ತಿ ಕೆಂಪಿದೆಯಾ ಅಂತ ನೋಡದೆ ಯಾರಾದರೂ ದುಡ್ಡು ಕೊಡುತ್ತಾರಾ? ಬಣ್ಣ ಅಂದರೆ ಇಲ್ಲಿ ಅಲಂಕಾರ ಅಲ್ಲ, ಮಾಹಿತಿ. ಜೀವನ ಅದರ ಮೇಲೆ ನಡೆಯುತ್ತದೆ. ಜಡ್ಜ್ ಸಾಹೇಬರು ಕೂಡ ಕಿವಿರು ನೋಡಿಯೇ ಮೀನು ತರುತ್ತಾರೆ, ನಾನೇ ನೋಡಿದ್ದೇನೆ.

ಈಗ ಕಾಮೆಂಟಿನಲ್ಲಿ ಒಬ್ಬರು ಬಂದೇ ಬರುತ್ತಾರೆ. "ಹಾಗಾದ್ರೆ ಟಿ.ಎಸ್. ಸತ್ಯನ್? ಅವರದ್ದೂ ಬ್ಲ್ಯಾಕ್ ಅಂಡ್ ವೈಟ್ ಅಲ್ವಾ?" ಅಲ್ಲ ಅಂದವರು ಯಾರು! ನಮ್ಮ ಮೈಸೂರಿನ ಫೋಟೊಗ್ರಾಫರ್ ಸತ್ಯನ್ ತೆಗೆದ ಮಕ್ಕಳ ಫೋಟೊ ನೋಡಿಯೇ ನಾನು ಕ್ಯಾಮೆರಾ ಹಿಡಿದದ್ದು. ಇನ್ನೊಬ್ಬ ಹಿರಿಯ ಫೋಟೊಗ್ರಾಫರ್ ಸುನಿಲ್ ಜಾನಾ 1943ರ ಬಂಗಾಳದ ಕ್ಷಾಮವನ್ನು ತೆಗೆದದ್ದೂ ಕಪ್ಪುಬಿಳುಪಿನಲ್ಲೇ. ಆದರೆ ಅವರ ಕ್ಯಾಮೆರಾದಲ್ಲಿ ಇದ್ದದ್ದೇ ಆ ಫಿಲ್ಮ್. ತೆಗೆಯುವ ಮೊದಲೇ ಬೆಳಕು ಎಲ್ಲಿ, ನೆರಳು ಎಲ್ಲಿ ಅಂತ ಹಾಗೇ ಯೋಚಿಸಿ ನೋಡಿದವರು. ಈ ಪ್ರದರ್ಶನದವರು ಹಾಗಲ್ಲ. ಕಲರಿನಲ್ಲಿ ನೋಡಿ, ಕಲರಿನಲ್ಲಿ ತೆಗೆದು, ಮನೆಗೆ ಬಂದು ಫಿಲ್ಟರ್ ಹಾಕುತ್ತಾರೆ. ಬಂಗುಡೆ ಸಾರು ಮಾಡಿ, ಆಮೇಲೆ ಮೀನು ತೊಳೆದು ಮೆಣಸು ತೆಗೆದ ಹಾಗೆ. ಅದರಲ್ಲಿ ಎಂಥಾ ತಪಸ್ಸು ಮಾರಾಯ್ರೇ?

ನನಗೆ ಯಾಕೆ ಇಷ್ಟು ಉರಿ ಅಂತ ಕೆಲವರಿಗೆ ಗೊತ್ತಿದೆ, ಕೆಲವರಿಗೆ ಇಲ್ಲ. ಸ್ಟುಡಿಯೋ ಹಾಕುವ ಮೊದಲು ನಾನು ಕುಮಟಾದಲ್ಲಿ ಒಬ್ಬರ ಹತ್ತಿರ ಕೆಲಸಕ್ಕಿದ್ದೆ. ಅಲ್ಲಿ ನನ್ನ ಮುಖ್ಯ ಕೆಲಸ ಕಪ್ಪುಬಿಳುಪು ಫೋಟೊಗೆ ಕೈಯಿಂದ ಬಣ್ಣ ಹಚ್ಚುವುದು. ಕಡ್ಡಿಗೆ ಹತ್ತಿ ಸುತ್ತಿ ಕೆನ್ನೆಗೆ ಚೂರು ಗುಲಾಬಿ, ಸೀರೆ ಅಂಚಿಗೆ ಹಳದಿ. ಜನ ಅದಕ್ಕೆ ಜಾಸ್ತಿ ದುಡ್ಡು ಕೊಡುತ್ತಿದ್ದರು. ಕೂಲಿ ಮಾಡುವವರೂ ಕೊಡುತ್ತಿದ್ದರು. ಗಂಡ ತೀರಿಕೊಂಡ ಒಬ್ಬ ಹೆಂಗಸು ಇಬ್ಬರೂ ಕೂತಿದ್ದ ಹಳೇ ಫೋಟೊ ತಂದು ಕೊಟ್ಟಿದ್ದಳು. "ನನ್ನ ಸೀರೆ ಹಸಿರು ಮಾಡು ತಮ್ಮಾ, ಅವ್ರು ತಂದುಕೊಟ್ಟದ್ದು ಹಸಿರು" ಅಂದಳು. ನಾನು ಹಚ್ಚಿದ ಹಸಿರು ಅವಳಿಗೆ ಒಪ್ಪಿಗೆಯಾಗಲಿಲ್ಲ. ಒರೆಸಿ ಮತ್ತೆ ಹಚ್ಚಿದೆ. ಅದೂ ಆಗಲಿಲ್ಲ. ಎಲೆ ಹಸಿರಲ್ಲ, ಗಿಳಿ ಹಸಿರು ಅಂದಳು. ಅಂಗಡಿಯ ಹೊರಗೆ ಹೋಗಿ ಎದುರಿನ ಮನೆಯ ಬಳ್ಳಿಯ ಚಿಗುರು ಕಿತ್ತು ತಂದು ಮೇಜಿನ ಮೇಲಿಟ್ಟು, "ಇದು" ಅಂದಳು. ನಮ್ಮ ಓನರ್ ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ಅಂಥ ಜನರ ಬಣ್ಣವನ್ನು ಈಗ ಬಹುಮಾನಕ್ಕಾಗಿ ತೆಗೆಯುತ್ತಾರೆ. ಉರಿಯದೆ ಇನ್ನೇನು?

ಇನ್ನೂ ಒಂದು ಮಾತು, ಸ್ವಲ್ಪ ನಾಚಿಕೆಯದ್ದು. ರಘುಬೀರ್ ಸಿಂಗ್ ಮೇಲೆ ನನಗೆ ಹೊಟ್ಟೆಕಿಚ್ಚೂ ಇದೆ. ಕಾಲೇಜು ಬಿಟ್ಟರೂ ಬೆನ್ನಿಗೆ ಮನೆತನ ಇತ್ತು, ಕೈಯಲ್ಲಿ ಕೊಡಾಕ್ರೋಮ್ ಇತ್ತು. ನಮಗೆ ಮಳೆಗಾಲ ಬಂದರೆ ಲೆನ್ಸಿಗೆ ಬೂಷ್ಟು ಹಿಡಿಯದಂತೆ ಬಲ್ಬು ಉರಿಸಿ ಕೂರುವುದೇ ಕೆಲಸ. ಆದರೆ ಈಗಿನ ಹುಡುಗರಿಗೆ ಆ ಕಷ್ಟ ಯಾವುದೂ ಇಲ್ಲ. ಸಿಂಗ್ ಪಟ್ಟ ಪಾಡಿಲ್ಲದೆ, ಪೈಸೆ ಖರ್ಚಿಲ್ಲದೆ ಎಲ್ಲಾ ಬಣ್ಣ ಕಿಸೆಯಲ್ಲೇ ಇದೆ. ಅದನ್ನೇ ಬೇಡ ಅನ್ನುತ್ತಾರೆ!

ಮುಂದಿನ ಸಲ ಅದೇ ಜಡ್ಜ್‌ಗಳು ಕೂತರೆ ನಾನು ಆ ಕಡೆ ತಲೆ ಹಾಕುವುದಿಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ. ಹೆಂಡತಿ ನಂಬಿಲ್ಲ.

ಕೊನೆಗೆ ಒಂದು ಕೋರಿಕೆ. 'ರಿವರ್ ಆಫ್ ಕಲರ್' ಪುಸ್ತಕವನ್ನು ನಾನು ನೋಡಿದ್ದು ಧಾರವಾಡದ ಗೆಳೆಯರೊಬ್ಬರ ಮನೆಯಲ್ಲಿ. ಅವರೂ ಇದನ್ನು ಓದುತ್ತಿದ್ದಾರೆ, ಹೆಸರು ಹಾಕುವುದಿಲ್ಲ. ಸರ್, ಹೋದ ಸಲ ಎರವಲು ಕೇಳಿದಾಗ "ಕರಾವಳಿಯ ಗಾಳಿಗೆ ಪುಸ್ತಕ ಹಾಳಾಗ್ತದೆ" ಅಂದಿರಿ. ಈಗ ಮಳೆಗಾಲ ಮುಗಿದಿದೆ. ಮನೆಯಲ್ಲಿ ಗಾಜಿನ ಕಪಾಟು ಮಾಡಿಸಿದ್ದೇನೆ, ಬೇಕಾದರೆ ಫೋಟೊ ಕಳಿಸುತ್ತೇನೆ, ಕಲರಿನಲ್ಲೇ. ಒಂದು ತಿಂಗಳಿಗೆ ಕೊಡಿ. ಆ ಹುಡುಗನನ್ನೂ ಅವನ ಸ್ನೇಹಿತರನ್ನೂ ಒಂದು ಭಾನುವಾರ ಮನೆಗೆ ಕರೆದು ತೋರಿಸಬೇಕು. ಬರುವಾಗ ಶಿರಸಿಯಿಂದ ನಿಮಗೆ ಒಳ್ಳೆಯ ಕೆಂಪಡಿಕೆ ತರುತ್ತೇನೆ. ಬಣ್ಣ ನೀವೇ ನೋಡಿ ತಗೊಳ್ಳಿ.